ಗೋಡೆಯ ಮೇಲಿನ ದೆವ್ವ

ಬೇಡಕಿಹಾಳದ ವಿರುಪಾಕ್ಷಪ್ಪನಿಗೆ ಹನ್ನೆರಡು ಎಕರೆ ಕಬ್ಬು, ಇಬ್ಬರು ಗಂಡುಮಕ್ಕಳು ಮತ್ತು ನಾನೂರ ಹದಿನಾರು ದೆವ್ವಗಳಿದ್ದವು. ಕಬ್ಬನ್ನು ಮಕ್ಕಳು ನೋಡಿಕೊಳ್ಳುತ್ತಿದ್ದರು. ದೆವ್ವಗಳನ್ನು ಆತನೇ ನೋಡಿಕೊಳ್ಳುತ್ತಿದ್ದ.

ದೆವ್ವ ಎಂದರೆ ಫೋಟೋ. ಹಿಂದೆಲ್ಲ ಸಿನಿಮಾ ಥೇಟರಿನ ಬಾಗಿಲ ಪಕ್ಕ ಒಂದು ಗಾಜಿನ ಪೆಟ್ಟಿಗೆ ಇರುತ್ತಿತ್ತು. ಆ ವಾರದ ಚಿತ್ರದ ಎಂಟೋ ಹತ್ತೋ ಕಪ್ಪು-ಬಿಳುಪು ಸ್ಟಿಲ್‌ಗಳನ್ನು ಅದರೊಳಗೆ ಪಿನ್ನು ಚುಚ್ಚಿ ಸಿಕ್ಕಿಸಿರುತ್ತಿದ್ದರು. ಒಳಗೆ ಹೋಗಲಾರದವರು ಅವನ್ನೇ ನೋಡಿ ಅರ್ಧ ಕಥೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ವಿರುಪಾಕ್ಷಪ್ಪ ಕೂಡಿಹಾಕಿದ್ದು ಇಂಥ ಸ್ಟಿಲ್‌ಗಳನ್ನು. ಅದರಲ್ಲೂ ದೆವ್ವ ಬಂದು ನಗಿಸಿ ಹೋಗುವ ಚಿತ್ರಗಳವು ಮಾತ್ರ. ಬರೀ ಹೆದರಿಸುವ ಚಿತ್ರ ಆತನಿಗೆ ಬೇಡ. ಅಳಿಸುವುದಂತೂ ಬೇಡವೇ ಬೇಡ. ಕನ್ನಡ, ಮರಾಠಿ, ಹಿಂದಿ ಎಂಬ ಭೇದವಿರಲಿಲ್ಲ, ದೆವ್ವ ಯಾವ ಭಾಷೆಯಲ್ಲಿ ಎಡವಿ ಬಿದ್ದರೂ ನಗೆಯೇ.

ಹಾಗೆ ನೋಡಿದರೆ ಈ ಹುಚ್ಚು ಶುರುವಾದದ್ದು ಹೆದರಿಕೆಯಿಂದಲೇ. ನಿಪ್ಪಾಣಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲು ಓದುವಾಗ ಆತ ಬಲು ಪುಕ್ಕಲ. ಬಚ್ಚಲಿಗೆ ಹೋಗಬೇಕೆಂದರೂ ಬಾಗಿಲ ಹೊರಗೆ ಯಾರಾದರೂ ನಿಂತು ಮಾತಾಡುತ್ತಿರಬೇಕು. ಒಂದು ದಿನ ಶಾಲೆಯಿಂದ ಬರುವಾಗ ಥೇಟರಿನ ಗಾಜಿನ ಪೆಟ್ಟಿಗೆಯಲ್ಲಿ ಒಂದು ಸ್ಟಿಲ್ ಕಂಡಿತು. ಬಿಳಿ ಸೀರೆಯ ದೆವ್ವವೊಂದು ತನ್ನದೇ ಸೆರಗು ತುಳಿದು ಮುಗ್ಗರಿಸಿ ಬೀಳುತ್ತಿತ್ತು. ದೆವ್ವ ಬೀಳಬಹುದು ಎಂಬುದು ಅದುವರೆಗೆ ಆತನ ತಲೆಗೆ ಹೊಳೆದೇ ಇರಲಿಲ್ಲ. ಅಲ್ಲೇ ರಸ್ತೆಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಚಿತ್ರ ಎತ್ತಿದ ಮೇಲೆ ಥೇಟರಿನವರ ಬೆನ್ನುಹತ್ತಿ ಆ ಸ್ಟಿಲ್ ಇಸಿದುಕೊಂಡ. ಅದು ಮೊದಲನೆಯದು. ಆಮೇಲೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲೆಲ್ಲಿ ಥೇಟರು ಮುಚ್ಚಿ ಗೋದಾಮಾಯಿತೋ ಕಲ್ಯಾಣಮಂಟಪವಾಯಿತೋ ಅಲ್ಲೆಲ್ಲ ಹೋಗಿ, ಜೇಡರಬಲೆ ಕಟ್ಟಿದ ಕೋಣೆಗಳಲ್ಲಿ ರಟ್ಟಿನ ಡಬ್ಬಿ ಕೆದಕಿ, ಇಲಿ ತಿಂದು ಉಳಿದದ್ದನ್ನು ಆರಿಸಿ ತಂದ. ಕೊಲ್ಲಾಪುರಕ್ಕೂ ಹೋದ, ಹುಬ್ಬಳ್ಳಿಗೂ ಹೋದ.

ಇಂಥ ಗಂಡನನ್ನು ಬೇರೆ ಹೆಂಡತಿಯರು ಬೈಯುತ್ತಿದ್ದರೇನೋ. ಕೆಂಚವ್ವ ಬೈಯಲಿಲ್ಲ. ಮದುವೆಯಾಗಿ ಬಂದ ಮೂರನೆಯ ದಿನ ಟ್ರಂಕಿನಲ್ಲಿ ಏನಿದೆ ಎಂದು ಕೇಳಿದಳು. ತೆರೆದು ತೋರಿಸಿದ. ಹೊಸ ಸೊಸೆ ಅಷ್ಟು ಜೋರಾಗಿ ನಗುವುದನ್ನು ಕೇಳಿ ಅಡುಗೆಮನೆಯಿಂದ ಅತ್ತೆ ಓಡಿ ಬಂದರು. ಅಲ್ಲಿಂದ ಮುಂದೆ ವಾರಕ್ಕೊಮ್ಮೆಯಾದರೂ ಗಂಡ ಹೆಂಡತಿ ಪಡಸಾಲೆಯಲ್ಲಿ ಚಾಪೆ ಹಾಸಿ, ಟ್ರಂಕು ತೆರೆದು, ಒಂದೊಂದೇ ಸ್ಟಿಲ್ ತೆಗೆದು ನೋಡುವುದು ಮನೆಯ ಪದ್ಧತಿಯೇ ಆಯಿತು. ಆತ ಚಿತ್ರದ ಹೆಸರು, ಇಸವಿ, ನಟರ ಹೆಸರು ಹೇಳುತ್ತಿದ್ದ. ಕೆಂಚವ್ವ ಅವರ ಬಾಯಲ್ಲಿ ಮಾತು ಹಾಕುತ್ತಿದ್ದಳು.

ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸೇರಿದ್ದು ಒಂದು ಸ್ಟಿಲ್. ಮದುವೆಯಾಗಿ ನಾಲ್ಕು ವರ್ಷಕ್ಕೆ ರಾಯಬಾಗದ ಥೇಟರೊಂದರಲ್ಲಿ ಸಿಕ್ಕದ್ದು. ಚಿತ್ರದ ಹೆಸರು ‘ದೆವ್ವದ ಮನೆ ಬೀಗರು’. ಎಂಬತ್ಮೂರರಲ್ಲಿ ರಾಯಬಾಗದ ಹತ್ತಿರವೇ ಒಂದು ಹಾಳುಬಿದ್ದ ವಾಡೆಯಲ್ಲಿ ತೆಗೆದ ಚಿತ್ರ. ಹನ್ನೆರಡು ದಿನ ಓಡಿ ಹೋಯಿತು. ಅದರ ರೀಲು ಈಗ ಎಲ್ಲಿಯೂ ಇಲ್ಲ. ಸ್ಟಿಲ್‌ನಲ್ಲಿ ವಾಡೆಯ ಎತ್ತರದ ಗೋಡೆಯ ಮೇಲೆ, ಅಡಿಯಿಂದ ಮುಡಿಯವರೆಗೆ ಬೆಳ್ಳಗಿರುವ, ಕಡ್ಡಿಯಂಥ ಉದ್ದನೆಯ ದೆವ್ವವೊಂದು ಕುದುರೆ ಹತ್ತಿದ ಹಾಗೆ ಕೂತಿತ್ತು. ಒಂದು ಕೈ ಮೇಲೆ, ಒಂದು ಕೈ ಗೋಡೆಯ ಮೇಲೆ. ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾಯಿ ಕಿವಿಯವರೆಗೆ ತೆರೆದಿತ್ತು. ಕೆಳಗೆ ನಾಯಕ ಧೋತರದ ಕಚ್ಚೆ ಬಿಚ್ಚಿಹೋಗಿ ಓಡುತ್ತಿದ್ದ. ಎಡಗಡೆಯ ಮೂಲೆಯಲ್ಲಿ, ಚಿತ್ರಕ್ಕೆ ಸಂಬಂಧವೇ ಇಲ್ಲದ ಪರಕಾರ ತೊಟ್ಟ ಪುಟ್ಟ ಹುಡುಗಿಯೊಬ್ಬಳು ಬೀಸುವ ಕಲ್ಲಿನ ಮೇಲೆ ಕೂತು ಚಪ್ಪಾಳೆ ತಟ್ಟುತ್ತ ನಗುತ್ತಿದ್ದಳು. ಶೂಟಿಂಗ್ ನೋಡಲು ಬಂದವರ ಪೈಕಿ ಇರಬೇಕು.

“ಏನ್ರಿ, ಬೀಗರ ಊಟಕ್ಕ ಕರೀಲಿಲ್ಲಂತ ಬೊಬ್ಬಿ ಹೊಡ್ಯಾಕತ್ತೈತಿ ನೋಡ್ರಿ ನಿಮ್ಮ ದೆವ್ವ!” ಎನ್ನುತ್ತಿದ್ದಳು ಕೆಂಚವ್ವ. ಆಮೇಲೆ ಮೂಲೆಯ ಹುಡುಗಿಯ ಮೇಲೆ ಬೆರಳಿಟ್ಟು, “ಇಕಿ ನೋಡಿದ್ರ ನನಗ ನಗಿ ತಡ್ಯಾಕ ಆಗೂದಿಲ್ರಿ,” ಎಂದು ಮತ್ತೆ ನಗುತ್ತಿದ್ದಳು.

ಪ್ರತಿಯೊಂದು ಸ್ಟಿಲ್‌ನ ಬೆನ್ನ ಮೇಲೂ ವಿರುಪಾಕ್ಷಪ್ಪ ಪೆನ್ಸಿಲ್ಲಿನಿಂದ ಹೆಸರುಗಳನ್ನು ಬರೆದಿಟ್ಟಿದ್ದ. ಈ ದೆವ್ವದ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೊಲ್ಲಾಪುರದ ಹಳೆಯ ಮೇಕಪ್ಪಿನವರನ್ನು ಕೇಳಿದ, ಹುಬ್ಬಳ್ಳಿಯ ವಿತರಕರಿಗೆ ಪತ್ರ ಬರೆದ. ಯಾರೋ ಊರಿನವನಂತೆ, ಅಷ್ಟೇ.

ಎರಡು ವರ್ಷದ ಹಿಂದೆ ಕೆಂಚವ್ವ ಗಂಟಲ ಕ್ಯಾನ್ಸರಿನಿಂದ ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಿರುಪಾಕ್ಷಪ್ಪ ಒಂದು ವರ್ಷ ಟ್ರಂಕು ತೆರೆಯಲಿಲ್ಲ. ಹಿರಿಯ ಸೊಸೆ ಶೀತಲ ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಮಾವ ಹೀಗೆ ಗೋಡೆ ನೋಡಿಕೊಂಡು ಕೂರುವುದನ್ನು ನೋಡಲಾರದೆ, ಕಾಲೇಜಿನ ಸಭಾಂಗಣದಲ್ಲಿ ಈ ಸ್ಟಿಲ್‌ಗಳ ಪ್ರದರ್ಶನ ಇಡೋಣ ಎಂದು ದುಂಬಾಲು ಬಿದ್ದಳು. ಮೂರು ದಿನ ಇಟ್ಟರು. ಜನ ಬಂದು ನಕ್ಕು ಹೋದರು. ಸ್ಥಳೀಯ ಪತ್ರಿಕೆಯವರು ಬಂದಾಗ ವಿರುಪಾಕ್ಷಪ್ಪ ಗೋಡೆಯ ಮೇಲಿನ ದೆವ್ವವನ್ನೇ ತೋರಿಸಿದ. ‘ಈ ದೆವ್ವ ಯಾರು? ಬಲ್ಲವರು ತಿಳಿಸಿ’ ಎಂದು ಅವರು ಅದರ ನಡುವಿನ ಭಾಗವನ್ನಷ್ಟೇ ಸಣ್ಣದಾಗಿ ಅಚ್ಚು ಹಾಕಿದರು. ಕೆಳಗೆ ಆತನ ಹೆಸರು, ಊರು.

ಅದಾಗಿ ಹನ್ನೊಂದನೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬ ಹೆಂಗಸು ಅಂಗಳದಲ್ಲಿ ಬಂದು ನಿಂತಳು. ಐವತ್ತು ದಾಟಿದವಳು. ಎತ್ತರದ ಆಳು, ಬಿಸಿಲಿಗೆ ಸುಟ್ಟ ಮುಖ, ತಲೆ ತುಂಬ ಸೆರಗು.

“ವಿರುಪಾಕ್ಷಪ್ಪ ಸಾವಕಾರ್ರ ಮನಿ ಇದ ಏನ್ರಿ?”

“ಹೌದವ್ವಾ, ನಾನ. ಯಾವೂರಿಂದ ಬಂದಿ?”

“ಸತ್ತಿ ರಿ, ಅಥಣಿ ತಾಲೂಕ. ನಸುಕಿನ್ಯಾಗ ಬಸ್ ಹತ್ತೀನ್ರಿ. ನನ್ನ ಹೆಸರ ಹೊಳೆವ್ವ. ಕುರಿ ಕಾಯೂ ಮಂದಿ ರಿ ನಾವು.” ಅವಳು ಸೆರಗಿನ ಗಂಟು ಬಿಚ್ಚಿ ಮಡಿಚಿದ ಪತ್ರಿಕೆಯ ತುಂಡು ತೆಗೆದಳು. “ಈ ದೆವ್ವ ಯಾರಂತ ಕೇಳೀರಂತಲ್ರಿ. ಸಾಲಿ ಮಾಸ್ತರ ಓದಿ ಹೇಳಿದ್ರು. ಇವ ನಮ್ಮಣ್ಣ ರಿ. ಬಸವಂತ. ಬಸವಂತ ಜಕ್ಕಪ್ಪ.”

ವಿರುಪಾಕ್ಷಪ್ಪ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. “ಶೀತಲಾ! ಏ ಶೀತಲಾ! ಪೆನ್ಸಿಲ್ ತಾರವ್ವಾ! ಸಿಕ್ಕ, ಸಿಕ್ಕ!” ಹೆಂಗಸನ್ನು ಕೈಹಿಡಿದು ಒಳಗೆ ಕರೆತರುವುದೊಂದು ಬಾಕಿ. “ಮೂವತ್ತ ವರ್ಷ ಆತು ಯವ್ವಾ, ಈ ಮನಶ್ಯಾನ್ನ ಹುಡಕಾಕತ್ತು. ಎಲ್ಲಿ ಅದಾನ ಈಗ? ಅರಾಮ ಅದಾನಿಲ್ಲ? ನೀ ಯಾಕ ಬಂದಿ, ಒಂದ ಮಾತ ಹೇಳಿಕಳಿಸಿದ್ರ ನಾನ ಬರತಿದ್ನೆಲ್ಲ!”

“ಇಲ್ರಿ ಅವ. ತೀರಿಕೊಂಡ ಮೂವತ್ತಾರ ವರ್ಷಾತು.”

ಶೀತಲ ತಂದ ಪೆನ್ಸಿಲ್ಲನ್ನು ಆತ ಇಸಿದುಕೊಂಡ. ಇಷ್ಟು ಕೇಳಿಯೂ ಖುಷಿ ಇಳಿಯಲಿಲ್ಲ. ಸತ್ತವನಾದರೇನು, ಹೆಸರು ಸಿಕ್ಕಿತಲ್ಲ. ಟ್ರಂಕಿನಿಂದ ಸ್ಟಿಲ್ ತೆಗೆದು, ಬೆನ್ನ ಮೇಲೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ‘ಬಸವಂತ ಜಕ್ಕಪ್ಪ, ಸತ್ತಿ’ ಎಂದು ದುಂಡಗೆ ಬರೆದ.

“ಪೇಪರದಾಗ ಎಲ್ಲಾ ಮಸಿಮಸಿ ಆಗೇತ್ರಿ. ದೊಡ್ಡ ಪೋಟೋ ಐತಿ ಅಂದ್ರು. ನೋಡಬೇಕ್ರಿ ನಾ,” ಎಂದಳು ಹೊಳೆವ್ವ.

“ಅದಕ್ಕೇನಾತು, ನೋಡಲ್ಲ!” ಆತ ಸ್ಟಿಲ್ ಅನ್ನು ಅವಳ ಮುಂದೆ ಚಾಪೆಯ ಮೇಲೆ ಇಟ್ಟ. ಮೂವತ್ತು ವರ್ಷದ ಅಭ್ಯಾಸ, ಬಾಯಿ ಸುಮ್ಮನಿರಲಿಲ್ಲ. “ನನ್ನ ಹೆಂಡತಿಗೆ ಭಾಳ ಸೇರತಿತ್ತವ್ವಾ ಇದು. ಬೀಗರ ಊಟಕ್ಕ ಕರೀಲಿಲ್ಲಂತ ಬೊಬ್ಬಿ ಹೊಡ್ಯಾಕತ್ತಾನ ಅಂತಿದ್ಲು. ಎಂಥಾ ಆಕ್ಟಿಂಗ ನೋಡು ನಿಮ್ಮಣ್ಣಂದು! ಕಲತ ನಟರಿಗೂ ಹಿಂಗ ಬರೂದಿಲ್ಲ.” ಎಂದು ತಾನೇ ನಕ್ಕ.

ಹೊಳೆವ್ವ ನಗಲಿಲ್ಲ. ಬಗ್ಗಿ ನೋಡಿದಳು. ಬೆರಳನ್ನು ಮುಟ್ಟಿಸದೆ, ಅಣ್ಣನ ತಲೆಯಿಂದ ಕಾಲಿನವರೆಗೆ ಗಾಳಿಯಲ್ಲೇ ಇಳಿಸಿದಳು. ಆ ಬೆರಳು ಹಾಗೇ ಗೋಡೆಯ ಕೆಳಗೆ ಸರಿಯುತ್ತ ಎಡಗಡೆಯ ಮೂಲೆಗೆ ಬಂದು ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

“ಇದು ನಾನ್ರಿ,” ಎಂದಳು.

“ಯಾರು, ಈ ಹುಡುಗಿ? ನೀನ ಏನವ್ವಾ!” ವಿರುಪಾಕ್ಷಪ್ಪನಿಗೆ ನಂಬಲಾಗಲಿಲ್ಲ. ಕೆಂಚವ್ವ ಇದ್ದಿದ್ದರೆ ಎಂದುಕೊಂಡ. “ಇನ್ನೇನ ಹೇಳ್ಲಿ ನಿನಗ! ಇಕಿ ನಗೂದ ನೋಡೇ ನನ್ನ ಹೆಂಡತಿ...”

“ಸಾವಕಾರ್ರ,” ಎಂದಳು ಹೊಳೆವ್ವ, ಮೆಲ್ಲಗೆ. “ಇದನ್ನ ನೋಡಿ ನೀವು ನಗತಿದ್ರೇನ್ರಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರಕ್ಕೂ ಕಾಯಲಿಲ್ಲ.

ಅವಳು ಹೇಳತೊಡಗಿದಳು. ಆ ವರ್ಷ ಸುಗ್ಗಿ ಮುಗಿದ ಮೇಲೆ ಅವರು ರಾಯಬಾಗದ ಕಡೆ ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಪಕ್ಕದ ವಾಡೆಗೆ ಸಿನಿಮಾದ ಮಂದಿ ಬಂದಿಳಿದರು. ಬಸವಂತನಿಗೆ ಇಪ್ಪತ್ತೆರಡು. ಬಾಗಿಲಿಗೆ ತಲೆ ಬಗ್ಗಿಸದೆ ಯಾವ ಮನೆಯೊಳಗೂ ಹೋಗಲಾಗದಷ್ಟು ಎತ್ತರ. ಅವನನ್ನು ನೋಡಿದ್ದೇ ತಡ, ದೆವ್ವ ಸಿಕ್ಕಿತು ಎಂದು ಅವರು ಕರೆದುಕೊಂಡು ಹೋದರು. ಎರಡು ದಿನ ಪೌಡರು ಬಳಿದು ಓಡಾಡಿಸಿದರು.

“ಮೂರನೇ ದಿನ ಪೌಡರ ತೀರಿತ್ರಿ. ವಾಡೇದ ಗ್ವಾಡಿಗೆ ಬಳ್ಯಾಕಂತ ಸುಣ್ಣಾ ಕಲಿಸಿ ಬಕೇಟಿನ್ಯಾಗ ಇಟ್ಟಿದ್ರು. ಅದನ್ನ ತಂದು ಬಳದ್ರು. ತಲಿ ಮ್ಯಾಲ ಸುರದ್ರು. ನಮ್ಮಣ್ಣ ಏನೂ ಅನ್ನಲಿಲ್ರಿ. ಗ್ವಾಡಿ ಹತ್ತಿ ಕೂತ. ಬೆವರಿಗೆ ಅದು ಇಳೀತು. ಕಣ್ಣಾಗ ಹೋತ್ರಿ.”

ನೀರು ತಂದಿದ್ದ ಶೀತಲ ಬಾಗಿಲಲ್ಲೇ ನಿಂತಳು.

“ಯವ್ವಾ, ಅಂತ ಚೀರಿದ ನೋಡ್ರಿ. ಆ ಚೀರೂದಕ್ಕ ಎಲ್ಲಾರೂ ನಕ್ರು. ಶಭಾಶ್, ಬರೋಬ್ಬರಿ ಐತಿ, ಹಂಗ ಇರು, ಅಲ್ಲಾಡಬ್ಯಾಡ ಅಂದ್ರು. ಪೋಟೋದಾವ ಪೋಟೋ ಹೊಡದ. ನಾ ಹತ್ತ ವರ್ಷದಾಕಿ ರಿ. ನಮ್ಮಣ್ಣ ಎಷ್ಟ ಚಂದ ಮಾಡಾಕತ್ತಾನಂತ ಚಪ್ಪಾಳಿ ಬಡದ್ನಿ. ಎಲ್ಲಾರಕಿಂತ ನಾನ ಜೋರ ನಕ್ಕಿದ್ನಿರಿ. ಆಮ್ಯಾಲ ಗ್ವಾಡಿಯಿಂದ ಜಾರಿ ಬಿದ್ದ. ಬಿದ್ದಾಗೂ ನಕ್ಕಿದ್ನಿ.”

ಸಿನಿಮಾದವರು ಎರಡು ದಿನಕ್ಕೆ ಎದ್ದುಹೋದರು. ತಾಯಿ ಆಡಿನ ಹಾಲು ಬಿಟ್ಟಳು, ಹರಳೆಣ್ಣೆ ಬಿಟ್ಟಳು. ಮಿರಜಕ್ಕೆ ಕರೆದೊಯ್ಯುವ ಹೊತ್ತಿಗೆ ತಡವಾಗಿತ್ತು. ಒಂದು ಕಣ್ಣು ಪೂರಾ ಹೋಯಿತು. ಇನ್ನೊಂದರಲ್ಲಿ ಬಿಸಿಲು ನೆರಳು ಮಾತ್ರ ಗೊತ್ತಾಗುತ್ತಿತ್ತು. ಆರು ವರ್ಷ ಗಂಟೆಯ ಸದ್ದಿನ ಮೇಲೆ ಕುರಿ ಕಾದ. ಒಂದು ಮಳೆಗಾಲದಲ್ಲಿ ಕುರಿಗಳ ಹಿಂದೆ ಕೃಷ್ಣೆಯ ದಂಡೆಗೆ ಹೋದವನು ತಿರುಗಿ ಬರಲಿಲ್ಲ. ಕಾಲು ಜಾರಿತೋ, ತಾನೇ ಇಳಿದನೋ, ನೋಡಿದವರಿಲ್ಲ.

“ಕಣ್ಣ ಹೋದ ಮ್ಯಾಲ ಒಂದಿನ ನನ್ನ ಕರದು ಕುಂದ್ರಿಸ್ಕೊಂಡ್ರಿ,” ಎಂದಳು ಹೊಳೆವ್ವ. “‘ಹೊಳೆವ್ವಾ, ಅವತ್ತ ನಿನ್ನ ನಗಿ ಮ್ಯಾಲಿನ ತನಕಾ ಕೇಳಿಸ್ತು’ ಅಂದ. ಅಷ್ಟ ಅಂದ. ಬೈದನೋ, ಸಂತೋಷಾಗಿ ಅಂದನೋ ಗೊತ್ತಾಗಲಿಲ್ರಿ. ಕೇಳಾಕ ಧೈರ್ಯ ಆಗಲಿಲ್ಲ. ಇವತ್ತಿನ ತನಕಾ ಅದ ಕಿವ್ಯಾಗ ಐತ್ರಿ.” ಅವಳು ಮುಖ ಎತ್ತಿದಳು. “ನೀವು ಇಂಥಾವು ಭಾಳ ನೋಡೀರಿ. ಖರೆ ಹೇಳ್ರಿ. ಇದನ್ನ ನೋಡಿದಾವರಿಗೆ, ಅವ ಆಟಾ ಆಡಾಕತ್ತಿಲ್ಲ, ಸಂಕಟಕ್ಕ ಚೀರಾಕತ್ತಾನ ಅಂತ ಗೊತ್ತಾಗತೈತೇನ್ರಿ? ಅದನ್ನ ಕೇಳಾಕ ಬಂದೀನ್ರಿ ನಾ.”

ವಿರುಪಾಕ್ಷಪ್ಪ ಸ್ಟಿಲ್ ಎತ್ತಿಕೊಂಡ. ಸಾವಿರ ಸಲ ನೋಡಿದ ಚಿತ್ರ. ಕತ್ತಿನ ನರಗಳು ಹಗ್ಗದಂತೆ ಬಿಗಿದಿದ್ದವು. ಗೋಡೆಯ ಮೇಲಿನ ಕೈಯ ಬೆರಳುಗಳು ಇಟ್ಟಿಗೆಯ ಸಂದಿಯಲ್ಲಿ ಇಳಿದಿದ್ದವು. ಬಿಗಿದ ಕಣ್ಣಿನ ಕೊನೆಯಿಂದ ಕೆನ್ನೆಯವರೆಗೆ, ಬಿಳುಪಿನ ನಡುವೆ ಕಪ್ಪಗೆ ಒಂದು ಗೀಟು ಇಳಿದಿತ್ತು. ಅದು ಪ್ರಿಂಟಿನ ದೋಷವೆಂದು ಆತ ತಿಳಿದಿದ್ದ.

“ಗೊತ್ತಾಗಲಿಲ್ಲವ್ವಾ,” ಎಂದ. “ನನ್ನ ಹೆಂಡತಿ ಮೂವತ್ತೆರಡ ವರ್ಷ ನೋಡಿದ್ಲು. ಕರೂನ ಹಗ್ಗ ಬಿಗಿ ಆದ್ರ ಊಟಾ ಬಿಟ್ಟ ಎದ್ದ ಹೋಗಿ ಸಡ್ಲ ಮಾಡಿ ಬರೂ ಹೆಣಮಗಳು. ಅಂಥಾಕಿಗೇ ಗೊತ್ತಾಗಲಿಲ್ಲ. ಹತ್ತ ವರ್ಷದ ಹುಡುಗಿಗೆ ಹ್ಯಾಂಗ ಗೊತ್ತಾಗಬೇಕು?”

“ಈಗ ಕಾಣಾಕತ್ತೈತೇನ್ರಿ ನಿಮಗ?”

ಸುಳ್ಳು ಹೇಳಬೇಕೆಂದುಕೊಂಡ. ಹೆಂಗಸು ಕಣ್ಣು ಕದಲಿಸದೆ ನೋಡುತ್ತಿದ್ದಳು.

“ಈಗ ಕಾಣತೈತಿ,” ಎಂದ.

ಹೊಳೆವ್ವ ತಲೆದೂಗಿದಳು. ಅಳುತ್ತಾಳೆಂದುಕೊಂಡ, ಅಳಲಿಲ್ಲ. ನಾಚಿಕೆಯಿಂದ ಎನ್ನುವ ಹಾಗೆ ಕೇಳಿದಳು. “ಸಾವಕಾರ್ರ, ಅವಂದು ಬ್ಯಾರೆ ಪೋಟೋ ಇಲ್ರಿ ನಮ್ಮ ಮನ್ಯಾಗ. ಒಂದೂ ಇಲ್ಲ. ಈ ಹುಡುಗೀನ್ನ ಕತ್ತರಿಸಿ ತಗದ ಕೊಟ್ರ ನಾ ಇದನ್ನ ಒಯ್ತಿದ್ನಿರಿ. ಹಿಂಗ ಒಯ್ಯಾಕ ಮನಸ್ಸ ಒಪ್ಪೂದಿಲ್ಲ. ಗ್ವಾಡಿಗೆ ಹಾಕಿದ್ರ ದಿನಾ ನಾ ನಗೂದ ನೋಡಬೇಕಾಗತೈತಿ.”

ಬೇರೆ ಪ್ರತಿ ತೆಗೆಸಿ, ಅದರಲ್ಲಿ ಆ ಮೂಲೆ ಬಿಡಿಸಿ ಕೊಡುತ್ತೇನೆ ಎಂದು ಶೀತಲ ಬಾಗಿಲಿಂದಲೇ ಹೇಳಿದಳು. ಹೊಳೆವ್ವ ಬೇಡವೆಂದು ಕೈಯಾಡಿಸಿದಳು. ಅವಳಿಗೆ ಬೇಕಾಗಿದ್ದದ್ದು ಇದೇ ಕಾಗದ, ಅಣ್ಣ ಚೀರಿದ ದಿನದ್ದು.

“ಕತ್ತರಿಸಾಕ ಬರೂದಿಲ್ಲವ್ವಾ ಇದನ್ನ,” ಎಂದುಬಿಟ್ಟ ವಿರುಪಾಕ್ಷಪ್ಪ. ಎಂದ ಮರುಗಳಿಗೆಯೇ ನಾಚಿಕೆಯಾಯಿತು. ಸ್ಟಿಲ್ ಹಾಳಾಗುತ್ತದೆಂದು ಆಡಿದ ಮಾತಲ್ಲ ಅದು. ಆ ಮೂಲೆಯ ಹುಡುಗಿಯನ್ನು ನೋಡಿಯೇ ಕೆಂಚವ್ವ ನಗುತ್ತಿದ್ದದ್ದು. ಇದನ್ನು ಈ ಹೆಂಗಸಿಗೆ ಯಾವ ಬಾಯಿಂದ ಹೇಳುವುದು?

“ಇರ್ಲಿ ಬಿಡ್ರಿ,” ಎಂದಳು ಹೊಳೆವ್ವ. ಶೀತಲ ಒತ್ತಾಯ ಮಾಡಿ ರೊಟ್ಟಿ ಬಡಿಸಿದಳು. ಉಂಡಳು. ತಾಟು ತಾನೇ ತೊಳೆದಿಟ್ಟಳು. ವಿರುಪಾಕ್ಷಪ್ಪ ಕಾರಿನಲ್ಲಿ ಚಿಕ್ಕೋಡಿಯವರೆಗೆ ಬಿಟ್ಟು, ಅಥಣಿಯ ಬಸ್ಸು ಹತ್ತಿಸಿದ.

ತಿರುಗಿ ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಕಾರು ನಿಧಾನವಾಗಿ ಸಾಗುತ್ತಿತ್ತು. ಆಗ ಆತನಿಗೆ ಮಿರಜದ ಆಸ್ಪತ್ರೆ ನೆನಪಾಯಿತು. ನೆನಪಾಗದೆ ಇದ್ದ ದಿನವೇ ಇರಲಿಲ್ಲ. ಆದರೆ ಇದುವರೆಗೆ ಅದು ಆತನನ್ನು ಕಾಪಾಡುತ್ತಿದ್ದ ನೆನಪಾಗಿತ್ತು.

ಕೆಂಚವ್ವ ಹೋಗುವುದಕ್ಕೆ ನಾಲ್ಕು ದಿನ ಮೊದಲು. ಗಂಟಲಿಗೆ ತೂತು ಮಾಡಿ ನಳಿಕೆ ಹಾಕಿದ್ದರು. ದನಿ ಹೋಗಿತ್ತು. ಏನು ಮಾಡಿದರೆ ಅವಳ ಮುಖ ಅರಳೀತು ಎಂದು ಯೋಚಿಸಿ ಯೋಚಿಸಿ ಆತ ಈ ಸ್ಟಿಲ್ ಅನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಒಯ್ದಿದ್ದ. ಕಣ್ಣ ಮುಂದೆ ಹಿಡಿದ. ಕೆಂಚವ್ವ ನೋಡಿದಳು. ಬಾಯಿ ಅಗಲವಾಗಿ ತೆರೆಯಿತು. ಕಣ್ಣು ಮುಚ್ಚಿತು, ಭುಜಗಳು ಅಲುಗಿದವು, ಕಣ್ಣಂಚಿನಿಂದ ನೀರಿಳಿಯಿತು. ಸದ್ದು ಮಾತ್ರ ಇಲ್ಲ. “ನಕ್ಲು! ನೋಡವ್ವಾ ಶೀತಲಾ, ನಿಮ್ಮ ಅತ್ತಿ ನಕ್ಲು!” ಎಂದು ಆತನೂ ನಕ್ಕಿದ್ದ. ಮಣ್ಣಿಗೆ ಬಂದವರಿಗೆಲ್ಲ ಅದನ್ನೇ ಹೇಳಿದ್ದ. “ಕಡೀಕ ನಕ್ಕೋತ ಹೋದ್ಲು,” ಎಂದು. 

ಬಾಯಿ ತೆರೆದು, ಕಣ್ಣು ಮುಚ್ಚಿ, ನೀರಿಳಿಸಿದ್ದಳು. ನರ್ಸನ್ನು ಕರೆ ಎನ್ನುತ್ತಿದ್ದಳೇ? ಉಸಿರು ಸಿಗುತ್ತಿಲ್ಲ ಎನ್ನುತ್ತಿದ್ದಳೇ? ತಾನು ಫೋಟೋ ಹಿಡಿದು ಎದುರಿಗೆ ನಿಂತು ನಗುತ್ತಿದ್ದೆನಲ್ಲ.

ಆತ ಕಾರನ್ನು ರಸ್ತೆಯ ಪಕ್ಕ ನಿಲ್ಲಿಸಿದ. ಹಿಂದಿನ ಗಾಡಿಗಳು ಹಾರ್ನು ಹೊಡೆಯುತ್ತ ದಾಟಿಹೋದವು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಶೀತಲ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಆತ ಹೋಗಿ ಹಿಂದೆ ನಿಂತ.

“ಶೀತಲಾ. ಆಸ್ಪತ್ರ್ಯಾಗ ಅವತ್ತ ನೀ ಅಲ್ಲೇ ಇದ್ದಿ. ಪೋಟೋ ತೋರಿಸಿದಾಗ. ನಿಮ್ಮ ಅತ್ತಿ ನಕ್ಕಿದ್ಲೇನವ್ವಾ?”

ಶೀತಲ ಹಗ್ಗದ ಮೇಲಿನ ಟವೆಲ್ಲಿಗೆ ಕೈಹಾಕಿದವಳು ಹಾಗೇ ನಿಂತಳು. ಮಧ್ಯಾಹ್ನದ ಮಾತನ್ನೆಲ್ಲ ಅವಳೂ ಕೇಳಿದ್ದಳು. ಆಮೇಲೆ ತಿರುಗಿ, “ನಕ್ಕಿದ್ರಲ್ರಿ ಮಾವಾರ. ನಾನೂ ನೋಡೀನಲ್ರಿ,” ಎಂದಳು. “ಎಲ್ಲಾರಿಗೂ ಹಂಗ ಆಗೂದಿಲ್ರಿ. ಅತ್ತ್ಯಾರು ಖರೇನ ನಕ್ಕಿದ್ರು.”

ಅವಳು ಹೇಳಿದ್ದು ನಿಜವೇ ಇರಬಹುದು. ಆದರೆ ಹೇಳುವ ಮೊದಲು ಅವಳು ತಡೆದ ಆ ಒಂದು ಗಳಿಗೆ ಎಂಥದೆಂದು ವಿರುಪಾಕ್ಷಪ್ಪನಿಗೆ ಗೊತ್ತಿತ್ತು. ಹೊಳೆವ್ವನಿಗೆ ಉತ್ತರಿಸುವ ಮೊದಲು ಅಂಥದೇ ಒಂದು ಗಳಿಗೆಯನ್ನು ಆತ ಅವತ್ತೇ ಮಧ್ಯಾಹ್ನ ತೆಗೆದುಕೊಂಡಿದ್ದ. “ಹೌದವ್ವಾ, ನಕ್ಕಿದ್ಲು,” ಎಂದು ಒಳಗೆ ಹೋದ.

ಮುಂದಿನ ದಿನಗಳಲ್ಲಿ ಟ್ರಂಕು ತೆರೆದು ಕೂತ. ಒಂದೊಂದೇ ಸ್ಟಿಲ್ ತೆಗೆದು ನೋಡಿದ. ಮುಗ್ಗರಿಸಿ ಬೀಳುವ ದೆವ್ವದ ಮೊಣಕೈ ನೆಲಕ್ಕೆ ತಾಗುತ್ತಿದ್ದ ರೀತಿ ನೋಡಿದ. ಮರಕ್ಕೆ ತಲೆಕೆಳಗಾಗಿ ಜೋತುಬಿದ್ದ ಮರಾಠಿ ದೆವ್ವದ ಕಾಲಿಗೆ ಹಗ್ಗ ಎಷ್ಟು ಬಿಗಿದಿದೆ ಎಂದು ನೋಡಿದ. ಬಾಣಲೆಯ ಮಸಿ ಬಳಿದುಕೊಂಡ ಮುದುಕ ನಟನೊಬ್ಬ ಕಣ್ಣರಳಿಸಿದ್ದ. ಅದು ನಟನೆಯೇ, ಜ್ವರವೇ? ಯಾರಿಗೆ ಗೊತ್ತು. ಯಾವುದನ್ನು ನೋಡಿದರೂ ಮೊದಲು ಕಣ್ಣು, ಆಮೇಲೆ ಕೈ. ನಗು ಬರಲಿಲ್ಲ. ಐವತ್ತು ವರ್ಷ ಬಂದ ನಗು ಒಂದು ಮಧ್ಯಾಹ್ನದಲ್ಲಿ ನಿಂತುಹೋಗಿತ್ತು.

ಕಾಲೇಜಿನವರು ಇವನ್ನು ಶಾಶ್ವತವಾಗಿ ಇಡಲು ಒಂದು ಕೋಣೆ ಕೊಡುತ್ತೇವೆ ಎಂದು ಮೊದಲೇ ಕೇಳಿದ್ದರು. ಆಗ ನಾನು ಸತ್ತ ಮೇಲೆ ನೋಡೋಣ ಎಂದಿದ್ದ. ಈಗ ತಾನೇ ಫೋನು ಮಾಡಿ ಕರೆಸಿ ನಾನೂರ ಹದಿನೈದನ್ನೂ ಕೊಟ್ಟುಬಿಟ್ಟ. ಜೀಪು ಹೋದಮೇಲೆ ಖಾಲಿ ಟ್ರಂಕನ್ನು ಕೊಟ್ಟಿಗೆಯಲ್ಲಿ ಹಾಕಿಸಿದ. ಉಳಿದ ಒಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಜೇಬಿನಲ್ಲಿ ಕತ್ತರಿ ಇಟ್ಟುಕೊಂಡು ಸತ್ತಿಗೆ ಹೊರಟ. ಕಾರು ಬೇಡವೆನಿಸಿತು. ಅವಳು ಬಂದ ದಾರಿಯಲ್ಲೇ, ಬಸ್ಸು ಬದಲಿಸುತ್ತ ಹೋದ.

ಹೊಳೆವ್ವ ಊರ ಹೊರಗೆ, ಹೊಳೆಯ ಕಡೆಗಿನ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದಳು. ಆತನನ್ನು ಕಂಡು ಗಡಬಡಿಸಿ ಕಂಬಳಿ ಹಾಸಿದಳು. “ಇಷ್ಟ ದೂರ ಯಾಕ ಬಂದ್ರಿ, ಸಾವಕಾರ್ರ?”

ವಿರುಪಾಕ್ಷಪ್ಪ ಬಟ್ಟೆ ಬಿಚ್ಚಿ ಸ್ಟಿಲ್ ಅನ್ನು ಕಂಬಳಿಯ ಮೇಲಿಟ್ಟ. ಪಕ್ಕದಲ್ಲಿ ಕತ್ತರಿ ಇಟ್ಟ. “ಅವತ್ತ ಬರೂದಿಲ್ಲ ಅಂದ್ನಿ. ತಪ್ಪಾತವ್ವಾ. ನೀನ ಕತ್ತರಿಸ್ತಿಯೋ, ನಾ ಕತ್ತರಿಸ್ಲೋ?”

ಹೊಳೆವ್ವ ಕತ್ತರಿ ಎತ್ತಿಕೊಂಡಳು. ಸ್ಟಿಲ್‌ನ ಎಡಗಡೆಯ ಅಂಚಿಗೆ ತಂದು ಹಿಡಿದಳು. ವಿರುಪಾಕ್ಷಪ್ಪ ಮುಖ ಆಚೆ ತಿರುಗಿಸಿದ. ಕತ್ತರಿಯ ಸದ್ದು ಬರಲಿಲ್ಲ. ತಿರುಗಿ ನೋಡಿದಾಗ ಅವಳು ಅದನ್ನು ಕೆಳಗಿಟ್ಟಿದ್ದಳು.

“ಬ್ಯಾಡ್ರಿ. ನನ್ನ ತಗದ್ರ ಅವ ಅಲ್ಲಿ ಒಬ್ಬಾವನ ಆಗತಾನ. ಉಳದಾವರೆಲ್ಲಾ ಬ್ಯಾರೆ ಮಂದಿ.” ಕತ್ತರಿಯನ್ನು ಆತನ ಕಡೆ ಸರಿಸಿ, “ಹಿಂಗ ಕೊಡ್ರಿ, ನಿಮಗ ಬ್ಯಾಡಾಗಿದ್ರ,” ಎಂದಳು.

“ತಗೋ ಯವ್ವಾ,” ಎಂದ.

ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಕುರಿಗಳು ಸುತ್ತ ಮೇಯುತ್ತಿದ್ದವು. ಹೋಗಬೇಕೆಂದು ವಿರುಪಾಕ್ಷಪ್ಪನಿಗೆ ಅನಿಸಲಿಲ್ಲ.

“ಹ್ಯಾಂಗ ಇದ್ದನವ್ವಾ ನಿಮ್ಮಣ್ಣ? ಸುಣ್ಣಾ ಇಲ್ಲದ?”

ಯಾರೂ ಇದನ್ನು ಅವಳಿಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಮುಖದ ಬಿಗಿ ಸಡಿಲಿತು. “ಕರ್ರಗ ಇದ್ದ ರಿ, ನಮ್ಮಪ್ಪನಂಗ. ಗುಂಗುರ ಕೂದಲ. ಇಲ್ಲಿ ಹುಬ್ಬಿನ ಮ್ಯಾಲ ಟಗರ ಹಾದು ಒಂದ ಗಾಯ ಆಗಿತ್ತು. ದೊಡ್ಡ ದೊಡ್ಡ ಕಿವಿ. ನಾ ಹೆಗಲ ಮ್ಯಾಲ ಕುಂತು ಆ ಕಿವಿ ಹಿಡ್ಕೋತಿದ್ನಿ, ಬೀಳಬಾರದಂತ. ನಕ್ರ ಈ ಗಲ್ಲದ ಮ್ಯಾಲ ಒಂದ ಕುಣಿ ಬೀಳತಿತ್ತು. ಮೂಗ ಉದ್ದ ರಿ. ಕಣ್ಣ...”

ಅವಳು ನಿಲ್ಲಿಸಿದಳು. ಹೊಳೆಯ ಕಡೆ ನೋಡಿದಳು, ನೆಲ ನೋಡಿದಳು. ಬೆರಳು ತನ್ನ ಹುಬ್ಬಿನ ಹತ್ತಿರವೇ ನಿಂತಿತ್ತು.

“ಸುಣ್ಣಾ ಬಿದ್ದ ಮ್ಯಾಲಿನ ಕಣ್ಣ ನೆನಪೈತ್ರಿ,” ಎಂದಳು. “ಮೊದಲ ಹ್ಯಾಂಗ ಇದ್ವು ಅಂತ... ನೆನಪಿಗೆ ಬರವಲ್ದು ರಿ. ಸಣ್ಣವೋ, ದೊಡ್ಡವೋ. ಬರವಲ್ದು.”

ಆಗ ಅತ್ತಳು. ಅಂದು ಆತನ ಮನೆಯಲ್ಲಿ ಅಳದೆ ಹೋದವಳು ಈಗ ಬಾಯಿಗೆ ಸೆರಗು ಒತ್ತಿ, ಮುಂದೆ ಹಿಂದೆ ತೂಗುತ್ತ ಅತ್ತಳು. ಮೇಯುತ್ತಿದ್ದ ಒಂದು ಕುರಿ ತಲೆ ಎತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ರಸ್ತೆಯ ಮೇಲೆ ಅಥಣಿಯ ಬಸ್ಸು ಬಂದು, ನಿಂತು, ಹೊರಟುಹೋಯಿತು. ಆತ ಏಳಲಿಲ್ಲ.